ಅಂಜನಾ ಉಣ್ಣಾಕ ಹತ್ತಿದ ಮ್ಯಾಲೆ

ಕುರುಗೋಡು
18 ಮಾರ್ಚ್ 2025

ನನ್ನ ಬಂಗಾರದಂಥ ರಶ್ಮಿಗೆ,

ಹೆಂಗದಿ ತಾಯೀ? ಬೆನ್ನುನೋವು ಇಳೀತೇನು? ಮಂಗಳೂರಿನ ಸೆಕಿ ತಡಕೊಂಡಿಯಾ? ಫೋನು ಬಿಟ್ಟು ಕಾಗದ ಯಾಕ ಬರದ್ಳು ಅಂತಿ. ಫೋನು ಹಚ್ಚಿದ್ರ ನಿನ್ನ ತಂಗಿ ಅಂಜನಾ ಬಾಗಿಲಿಗೆ ಬಂದು ನಿಂದರ್ತಾಳ. ಏನೂ ಅನ್ನಂಗಿಲ್ಲ, ನಗ್ತಾಳ.

ಅಂಜನಾ ಉಣ್ತಾಳ. ಮೊದಲು ಅದನ್ನ ಕೇಳಿ ಸಂತೋಷಪಡು. ಉಣ್ಣೂದು ಬಿಟ್ಟು ಎಲುಬಿನ ಹಂದರಾಗಿ ಬಳ್ಳಾರಿ ಆಸ್ಪತ್ರಿಯೊಳಗ ಮಲಗಿದಾಕಿ ಈಗ ಕೆನ್ನಿ ತುಂಬಿಕೊಂಡಾಳ. ಹುಡುಗಿ ಪಾರಾದ್ಳು ಅಂತ ಓಣಿಯವರೆಲ್ಲ ಅಂತಾರ. ಆದ್ರ ಮನಿಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ನನ್ನ ಕಿವ್ಯಾಗ ಕುಂತೈತಿ. 'ಊಟದ ರೋಗ ಇಳದೈತ್ರಿ. ಆದ್ರ ಎಲ್ಲಾ ತಾನು ಹಾಕಿದ ಗೆರಿಯೊಳಗ ಇರಬೇಕನ್ನೋ ಬಿಗಿ ಸ್ವಭಾವ ಅಕಿಗೆ ಸಣ್ಣಾಕಿದ್ದಾಗಿಂದ ಐತಿ. ನಾವು ಪರ್ಸನಾಲಿಟಿ ಡಿಸಾರ್ಡರ್ ಅಂತೀವಿ. ಅದಕ್ಕೂ ಚಿಕಿತ್ಸೆ ಬೇಕು, ವರ್ಷಗಟ್ಟಲೆ ಆದ್ರೂ ನಡುವ ಬಿಡಬ್ಯಾಡ್ರಿ.' ಅಂಜನಾ ಸ್ವಲ್ಪ ದಿನ ಚಿಕಿತ್ಸೆಗೆ ಹೋದ್ಳು, ಆಮ್ಯಾಲೆ ಬಿಟ್ಳು. ಆರಾಮಾಗೀನಿ ಅಂದ್ಳು, ನಾವೂ ಹೂಂ ಅಂದ್ವಿ.

ಈಗ ಅಡಗಿಮನಿ ಅಕಿದ. ಎಲ್ಲರಿಗೂ ಅಕಿನ ಬಡಸ್ತಾಳ. ರೊಟ್ಟಿ ಎಲ್ಲಾ ಒಂದ ಅಳತಿ, ಪಲ್ಯಾಕ್ಕ ಅನ್ನ ತಾಗಬಾರದು. ನಾವು ಉಂಡು ಏಳೂತನಕ ಎದುರಿಗೆ ಕುಂತು ರೆಪ್ಪಿ ಬಡೀದ ನೋಡ್ತಾಳ. ದೀಪಾವಳಿ ಆದಮ್ಯಾಲೆ ಒಂದಿನ ನಿಮ್ಮಪ್ಪ ಇನ್ನೊಂದು ರೊಟ್ಟಿಗೆ ಕೈ ಚಾಚಿದ್ರು. ಅಕಿ ಮೆತ್ತಗ ಅವರ ಕೈಯಾಗಿಂದ ರೊಟ್ಟಿ ಬಿಡಿಸ್ಕೊಂಡು, 'ಸಾಕಪ್ಪಾ, ಇಷ್ಟ ಸರಿ' ಅಂದ್ಳು. ಅದ ಧ್ವನಿ ರಶ್ಮೀ, ಉಣ್ಣದ ಇದ್ದಾಗ ತನಗ ತಾನ ಹೇಳ್ಕೋತಿದ್ಳಲ್ಲ, ಅದ. ನಿಮ್ಮಪ್ಪ ನಕ್ಕರು. ಮತ್ತ ಯಾವತ್ತೂ ಕೇಳಲಿಲ್ಲ. ಈಗ ಅವರ ಅಂಗಿ ಮೈಮ್ಯಾಲೆ ಜೋತಾಡ್ತೈತಿ. ನನ್ನ ಬಳಿನೂ ಮೊಣಕೈತನಕ ಜಾರ್ತಾವ.

ಮೊನ್ನಿ ಹಿತ್ತಲದಾಗ ಬಟ್ಟಿ ಒಣಹಾಕುವಾಗ ಯಾಕ ಹಿಂಗ ಮಾಡ್ತಿ ಅಂತ ಅಕಿನ್ನ ಕೇಳೇಬಿಟ್ಟೆ. ಹಗ್ಗದ ಮ್ಯಾಲಿನ ಬಟ್ಟಿ ಅಂಚಿಗೆ ಅಂಚು ಕೂಡಿಸಿದ್ಳು. 'ನಾನು ಉಣ್ಣಾಕ ಹತ್ತಿದೆ ಅವ್ವಾ, ಆದ್ರ ಒಳಗಿನ ಲೆಕ್ಕ ನಿಂದರ್ಲಿಲ್ಲ. ನನ್ನ ತಾಟು ಬಿಟ್ಟು ನಿಮ್ಮ ತಾಟಿಗೆ ಬಂತು. ಸರಿ ಇರದಿದ್ರ ನನಗ ಉಸಿರು ಹಿಡೀತೈತಿ' ಅಂದ್ಳು. ಕಣ್ಣಾಗ ನೀರು ಇಳೀತಿತ್ತು, ಮುಖದಾಗ ನಗು ಹಂಗ ಇತ್ತು. ನಾನು ಕೈ ಹಿಡಿದ್ರ ಮಂಜಿನಂಗ ತಣ್ಣಗಿತ್ತು. ಡಾಕ್ಟರ್ ಕಡೆ ಹೋಗೂನು ಅಂದೆ. 'ಅಕ್ಕ ಬಂದ್ರ ಬರ್ತೀನಿ' ಅಂದ್ಳು.

ಅಳಿಯಂದಿರನ್ನ ಕೇಳೀನಿ ಅಂತ ಹೇಳು. ಹೊಟ್ಟಿತುಂಬ ಉಂಡು, ನಕ್ಕೋತ ಇರು ಮಗಳೇ.

ನಿನ್ನ ಅವ್ವ,
ಜಂಬಮ್ಮ

ತಾ.ಕ.: ಲಕೋಟಿ ಅಂಟಸೂದ್ರಾಗ ಅಂಜನಾ ಪ್ಯಾಟಿಯಿಂದ ಬಂದ್ಳು. ಬೇಸಿಗಿ ರಜಾಕ್ಕ ನಿನ್ನ ಮಗಳು ಗಂಗೋತ್ರಿನ್ನ ಕಳಿಸ್ತೀನಿ ಅಂದಿದ್ದಿಯಲ್ಲ, ಕೂಸಿಗಂತ ತಾಟು ತಂದಾಳ. ನನ್ನ ಅಂಗೈಯಷ್ಟ ಐತಿ. ಕೂಸನ್ನ ಕಳಿಸಬ್ಯಾಡ. ನೀನ ಬಾ.