ತವರು ಕುಂಬಾರಕೊಪ್ಪಲು

ಅಮ್ಮ,

ನಿನಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇವತ್ತು ಅತ್ತೆ ಸರೋಜಮ್ಮನವರ ಜೊತೆ ಡಿಸಿ ಕಚೇರಿಗೆ ಹೋಗಿ ಭಾರತದ ಪೌರತ್ವಕ್ಕೆ ಅರ್ಜಿ ಕೊಟ್ಟೆ. ಗುಮಾಸ್ತರು "ತವರು ಯಾವೂರಮ್ಮ?" ಎಂದು ಕೇಳಿದರು. ಯೋಚಿಸದೆ "ಕುಂಬಾರಕೊಪ್ಪಲು" ಎಂದುಬಿಟ್ಟೆ. ಗೌರಿ ಹಬ್ಬಕ್ಕೆ ತವರಿನವರು ಮಗಳಿಗೆ ಬಾಗಿನ ಕೊಡುವುದು ಇಲ್ಲಿನ ಪದ್ಧತಿ. ಮದುವೆಯಾದಾಗಿನಿಂದ ನಿನ್ನ ಹೆಸರು ಹೇಳಿ ಅತ್ತೆಯೇ ಕೊಡುತ್ತಾ ಬಂದಿದ್ದಾರೆ.

ಆದರೆ ಅವರು ಸುಮ್ಮನಿರಲಿಲ್ಲ. "ಅದು ಗಂಡನ ಮನೆ ಕಣ್ರೀ. ಇವ್ಳ ತವರು ನೇಪಾಳದ ಪೋಖರಾ. ಅವ್ರಮ್ಮ ಇನ್ನೂ ಅವ್ರೆ" ಎಂದರು.

ಅದಾದ ಮೇಲೆ ನೇಪಾಳದ ಪೌರತ್ವ ಬಿಡುತ್ತೇನೆ ಎಂಬ ಕಾಗದಕ್ಕೆ ಸಹಿ ಹಾಕಿದೆ.

ಸಂಜೆ ನೀನು ಫೋನ್ ಮಾಡಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ಬಜಾರಿಗೆ ಎಂದೆ. ನೇಪಾಳಿ ಬಾರದ ಅತ್ತೆಗೂ ಆ ಒಂದು ಮಾತು ಅರ್ಥವಾಯಿತು.

ಈ ಸಲ ಅವರು ತಿದ್ದಲಿಲ್ಲ.