ಹುಲ್ಲೋ, ಕಾಳೋ

ಅತ್ತೆಯವರಿಗೆ ಸೊಸೆಯ ನಮಸ್ಕಾರಗಳು.

ಆಡುಗಳಿಗೆ ಕಾಳು, ಹಿಂಡಿ ಹಾಕಬೇಕೆಂದು ನಾನು, ಹುಲ್ಲೇ ಸಾಕೆಂದು ನೀವು, ಹೀಗೆ ಮಾತಿಗೆ ಮಾತು ಬೆಳೆದು ನೀವು ಮಗಳ ಮನೆಗೆ ಹೋಗಿ ಇಂದಿಗೆ ಹನ್ನೆರಡು ದಿನ. ಆಮೇಲೆ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಮರುದಿನವೇ ನಾನು ಹಟಕ್ಕೆ ಬಿದ್ದು, ಹಾಲು ಕೊಡುವ ಆಡುಗಳ ಕಾಳನ್ನೇ ಮರಿಗಳಿಗೂ ಬೊಗಸೆ ತುಂಬ ಹಾಕಿದೆ. ಸಂಜೆಗೆ ಚುಕ್ಕೆಮರಿಯ ಹೊಟ್ಟೆ ಡೊಳ್ಳಿನಂತೆ ಉಬ್ಬಿತು. ಪಶುವೈದ್ಯರು ಬಂದು ಔಷಧಿ ಕುಡಿಸಿದರು.

"ಮರಿಗೆ ಹಾಲು, ಒಣಹುಲ್ಲೇ ಮುಖ್ಯ ಕಣಮ್ಮ. ಕಾಳು ಒಂದು ಚಿಟಿಕೆಯಿಂದ ಶುರು ಮಾಡಿ, ನಿಧಾನಕ್ಕೆ ಜಾಸ್ತಿ ಮಾಡ್ಬೇಕು. ಮನೇಲಿ ಹೇಳೋರು ಯಾರೂ ಇರ್ಲಿಲ್ವಾ?" ಅಂದರು.

ಹೇಳುವವರು ನೀವಿದ್ದಿರಿ, ನಾನೇ ಕೇಳಲಿಲ್ಲ.

ಮರಿ ಈಗ ಎದ್ದು ಓಡಾಡುತ್ತಿದೆ. ಆದರೆ ಕಾಳು ತಿಂದ ದೊಡ್ಡ ಆಡುಗಳು ಹೆಚ್ಚು ಹಾಲು ಕೊಡುತ್ತಿವೆ. ಅಷ್ಟರ ಮಟ್ಟಿಗೆ ನನ್ನ ಮಾತೂ ಸುಳ್ಳಾಗಲಿಲ್ಲ, ಕೋಪ ಮಾಡಿಕೊಳ್ಳಬೇಡಿ.

ಹಾಗಾಗಿ ದೊಡ್ಡವನ್ನು ನಾನು ನೋಡಿಕೊಳ್ಳುತ್ತೇನೆ, ಮರಿಗಳು ನಿಮ್ಮವು. ಹುಲ್ಲನ್ನು ಎಷ್ಟು ಸಣ್ಣಗೆ ಕತ್ತರಿಸಬೇಕೆಂದು ಪತ್ರದಲ್ಲಿ ಬರೆಯಬೇಡಿ, ಬಂದು ತೋರಿಸಿ. ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೇನೆ.

ನಿಮ್ಮ ದಾರಿ ನೋಡುತ್ತಿರುವ,
ಸೊಸೆ