ನನ್ನ ಹೃದಯ ನಿಲ್ಲುವುದಿಲ್ಲ ಎಂದ ಬೀಗರಿಗೆ

ಸನ್ಮಾನ್ಯ ಬೀಗರೆ,

ಹೆಣ್ಣು ಕೊಟ್ಟವನು ಗಂಡಿನ ಅಪ್ಪನಿಗೆ ಹೀಗೆಯೇ ಬರೆಯಬೇಕಂತೆ, ಆತ ಸತ್ತ ಮೇಲೂ. ನೀವಿದ್ದಾಗ ಎದುರಿಗೇ "ಏನ್ರಿ ಮಾಸ್ತರ್, ಇವತ್ತ ಯಾರ ತಲಿ ತಿಂದ್ರಿ?" ಎಂದು ಕಾಡುತ್ತಿದ್ದವನು ಈಗ ಸನ್ಮಾನ ಮಾಡುತ್ತಿದ್ದೇನೆ ಅಂದರೆ, ನನಗೆ ಎಷ್ಟು ಹೆದರಿಕೆಯಾಗಿರಬೇಕು ನೀವೇ ಊಹಿಸಿ.

ಭಾಲ್ಕಿಯ ನಿಮ್ಮ ಪಡಸಾಲೆಯಲ್ಲಿ ಕೂತು ನನ್ನ ಹೃದಯವನ್ನು ಕಾಗದದ ಮೇಲೆ ಬಿಡಿಸಿದ್ದು ನೆನಪಿದೆಯೇ? ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸಿ ನಿವೃತ್ತರಾದ ನೀವು ಸುಮ್ಮನೆ ಕೂಡುವ ಪ್ರಾಣಿಯಲ್ಲ. ಮೂರು ಗೋಲ ಬರೆದಿರಿ: ಮೇಲಿನ ಕೋಣೆ, ನಡುವೆ ಬಾಗಿಲು, ಕೆಳಗಿನ ಕೋಣೆ. ಒಂದರಿಂದ ಒಂದಕ್ಕೆ ಬಾಣ. ಮಿಡಿತ ಮೇಲೆ ಹುಟ್ಟಬೇಕು, ಬಾಗಿಲಲ್ಲಿ ಕೊಂಚ ನಿಲ್ಲಬೇಕು, ಕೆಳಗಿಳಿಯಬೇಕು. ನನ್ನ ಬಾಗಿಲು ಮಿಡಿತವನ್ನು ತಡೆಯುತ್ತಿದೆ ಎಂದು ಬೀದರಿನ ಡಾಕ್ಟರು ಆಗಷ್ಟೇ ಹೇಳಿದ್ದರು. "ಲಿಫ್ಟ್ ನಡುವೆ ಸಿಕ್ಕೊಂಡು ನಿಲ್ತದೋ ಇಲ್ಲೋ ಅಂತ ಕಟ್ಟೂಕಿಂತ ಮೊದ್ಲೇ ಪರೀಕ್ಷಾ ಮಾಡೋ ವಿದ್ಯಾ ರೀ ಇದು. ಲಿಫ್ಟ್ ಆದ್ರೇನು, ಬೀಗರಾದ್ರೇನು?" ಎಂದು ನನ್ನ ವರದಿಯ ಅಳತೆಗಳನ್ನು ಬಾಣಗಳಿಗೆ ಕಟ್ಟಿದಿರಿ.

ನಿಮ್ಮ ಸೊಸೆ, ಅಂದರೆ ನನ್ನ ಮಗಳು ಶಾರದಾ, ಔರಾದಿನ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಆ ಚಿತ್ರವನ್ನು ಕಂಪ್ಯೂಟರಿಗೆ ಏರಿಸಿದ ಸಂಜೆ ನಾನೂ ಅಲ್ಲಿದ್ದೆ. ಕೆಳಗಿನ ಕೋಣೆ ಎಂದಾದರೂ ಮಿಡಿತವಿಲ್ಲದೆ ಉಳಿದೀತೇ ಎಂದು ನೀವು ಕೇಳಿದಿರಿ. ಕಂಪ್ಯೂಟರ್ ಮಿಡಿತ ಹಿಡಿಯಬಹುದಾದ ಹಾದಿಗಳನ್ನೆಲ್ಲ ಒಂದೂ ಬಿಡದೆ ತಡಕಿ, 'ಎಂದಿಗೂ ಇಲ್ಲ' ಎಂದಿತು. "ಮುಬಾರಕ್ ರೀ ಬೀಗರ! ಆದ್ರ ನಾ ಪಾಸ್ ಮಾಡಿದ್ದು ಚಿತ್ರಕ್ಕ, ನಿಮಗಲ್ಲ. ಡಾಕ್ಟರ್ ಹೇಳಿದ್ದು ಕೇಳ್ರಿ," ಅಂದಿರಿ. ನನಗೆ ಮುಬಾರಕ್ ಮಾತ್ರ ಕೇಳಿಸಿತು. ಪೇಸ್‌ಮೇಕರ್ ಹಾಕಿಸಿಕೊಳ್ಳಿ ಎಂದ ಡಾಕ್ಟರಿಗೆ, ನನ್ನ ಹೃದಯವನ್ನು ಗಣಿತವೇ ಖುಲಾಸೆ ಮಾಡಿದೆ ಎಂದು ಗಂಭೀರವಾಗಿ ತಿಳಿಸಿ ಬಂದೆ. ಆಮೇಲೆ ನೀವು ನ್ಯುಮೋನಿಯಾದಲ್ಲಿ ಹೊರಟೇ ಹೋದಿರಿ. ನನ್ನ ಎದೆಗೆ ಜಾಮೀನು ನಿಂತವರು ನಿಮ್ಮ ಎದೆಯನ್ನು ಒಮ್ಮೆಯಾದರೂ...

ಹೋದ ವಾರ ನೌಬಾದಿನಲ್ಲಿ ಸೀತಾಫಲಕ್ಕೆ ಚೌಕಾಸಿ ಮಾಡುತ್ತಿದ್ದೆ. ಕಣ್ಣು ತೆರೆದಾಗ ನೆಲದ ಮೇಲಿದ್ದೆ. "ಅರೇ ಚಾಚಾ, ರೇಟ್ ಕೇಳಿ ಬಿದ್ರೇನು?" ಎಂದು ಅಂಗಡಿಯವನು ನೀರು ಚಿಮುಕಿಸುತ್ತಿದ್ದ. ನಾನೂ ನಕ್ಕೆ. ಆದರೆ ಅಂದಿನಿಂದ ಒಂದೊಂದು ಬಡಿತಕ್ಕೂ ಕಿವಿಗೊಟ್ಟು ಕೂಡುತ್ತೇನೆ. ಒಂದು ಬರುತ್ತದೆ. ಮುಂದಿನದು ಬರುವತನಕ ನಾನು ಯಾರು, ಎಲ್ಲಿದ್ದೇನೆ?

ವಿಷಯ ಕೇಳಿ ಓಡಿ ಬಂದ ಶಾರದಾ ನಿಮ್ಮ ಚಿತ್ರವನ್ನು ಮತ್ತೆ ತೆಗೆದಳು. ಅಲ್ಲಿತ್ತು ನೋಡಿ ತಪ್ಪು. ಬಾಗಿಲು ಬಿಟ್ಟು ಹೊರಡುವ ಮಿಡಿತದ ಬಾಣಕ್ಕೆ ನೀವಿಟ್ಟ ಹೆಸರು 'ಬರ್ತೇನಿ'. ನಮ್ಮ ಕಡೆ ಮನೆ ಬಿಟ್ಟು ಹೊರಡುವವರು ಯಾರಾದರೂ 'ಹೋಗ್ತೇನಿ' ಅಂದದ್ದುಂಟೇ? ಮಿಡಿತಕ್ಕೂ ನೀವು ಅದೇ ಸಂಸ್ಕಾರ ಕೊಟ್ಟಿರಿ. ಅವಳು ಅಂದು ಅದನ್ನು ಒಳಗೆ ಬರುವ ಮಿಡಿತವೆಂದು ಓದಿದ್ದಳು. "ಅಪ್ಪಾ, ಹೊಂಟಿದ್ದೆಲ್ಲಾ ಹೊಸದಾಗಿ ಬಂದಂಗ ಬರ್ದೀನಿ. ಹಿಂಗಿದ್ರ ಹ್ಯಾಂಗ ನಿಲ್ತದ ಹೇಳು?" ಆಂಬುಲೆನ್ಸ್ ಹತ್ತುವಾಗ ನೀವೂ "ಬರ್ತೇನಿ ರೀ ಬೀಗರ" ಅಂದಿದ್ದಿರಿ. ನಾನೂ ಅವಳಂತೆಯೇ ಓದಿಕೊಂಡಿದ್ದೆ.

ಬಾಣ ತಿದ್ದಿ ಅವಳು ಮತ್ತೆ ಅದೇ ಪ್ರಶ್ನೆ ಕೇಳಿದಳು. ಈ ಸಲ ಯಂತ್ರ 'ಇಲ್ಲ' ಎನ್ನಲಿಲ್ಲ, ಒಂದು ಹಾದಿಯನ್ನೇ ತೋರಿಸಿತು. ಮಿಡಿತ ಬಾಗಿಲಿಗೆ ಬಂತು, ಅಲ್ಲೇ ನಿಂತಿತು. ಇನ್ನೊಂದು ಬಂತು, ಅದೂ ನಿಂತಿತು. ಕೆಳಗಿನ ಕೋಣೆ ಕಾಯುತ್ತಿದೆ. ಇನ್ನೂ ಕಾಯುತ್ತಿದೆ. ಅದರಾಚೆ ಬಾಣವೇ ಇಲ್ಲ ಬೀಗರೆ. ಜನರನ್ನು ನಗಿಸಿ ಬದುಕಿದವನಿಗೆ ಪರದೆಯ ಮೇಲೆ ತನ್ನ ಸಾವು ಇಷ್ಟು ಅಚ್ಚುಕಟ್ಟಾಗಿ ಕಾಣಿಸಬೇಕೇ?

"ಪೇಸ್‌ಮೇಕರ್‌ಗೆ ಇನ್ನೊಂದು ಗೋಲ ಹಾಕಿ ನೋಡ್ಲೇನು?" ಎಂದಳು. "ಚಿತ್ರ ಸಾಕವ್ವಾ, ಡಾಕ್ಟರಿಗೇ ಫೋನ್ ಹಚ್ಚು," ಅಂದೆ.

ನಿಮಗೆ ತಲುಪದ ಸುದ್ದಿ ಇಷ್ಟೇ: ನಾಳೆ ಬೆಳಿಗ್ಗೆ ಆಸ್ಪತ್ರೆ ಸೇರುತ್ತೇನೆ, ಹಟ ಮಾಡುವುದಿಲ್ಲ. ಈಗ ಶಾರದಾ ನನ್ನ ಬಟ್ಟೆ ಮಡಚುತ್ತಿದ್ದಾಳೆ. "ಶಾರೂ, ನಂಗ ಭಾಳ ಅಂಜಿಕಿ ಆಗ್ಲಕತ್ತದ," ಅಂದೆ. ನನ್ನ ಮಾತಿಗೆ ಹುಟ್ಟಿದಾಗಿನಿಂದ ನಕ್ಕವಳು; ಇದಕ್ಕೂ ನಗುತ್ತಾಳೆಂದು ಕಾದೆ.

"ನಂಗೂ, ಅಪ್ಪಾ," ಎಂದು ಚೀಲಕ್ಕೆ ಇನ್ನೊಂದು ಟವೆಲ್ ತುರುಕಿದಳು.